ಕೂಪರ್ 500ಗೆ ಮೆಥನಾಲ್: ಕಾರ್ಬ್ಯುರೇಟರ್‌ನಲ್ಲಿ ಬಿಳಿ ಲೋಳೆ, ಕ್ರ್ಯಾಂಕ್‌ಕೇಸ್ ತುಂಬ ಎಣ್ಣೆ

ಹಳೇಚಕ್ರ
ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಒಂದು ಕೂಪರ್ 500 ಫಾರ್ಮುಲಾ 3 ಕಾರಿನ (500 ಸಿಸಿ ಬೈಕ್ ಇಂಜಿನ್ ಇರುವ ಹಳೆಯ ಪುಟ್ಟ ರೇಸ್ ಕಾರು) ಬಗ್ಗೆ ಸಲಹೆ ಬೇಕು. ಮ್ಯಾಂಕ್ಸ್ ನಾರ್ಟನ್ ರೇಸ್ ಬೈಕಿನ ಇಂಜಿನ್, ಅಮಾಲ್ ಕಾರ್ಬ್ಯುರೇಟರ್, ಇಂಧನ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್), ಎಣ್ಣೆ ಕ್ಯಾಸ್ಟ್ರಾಲ್ ಆರ್ 40. ಕೆಲವು ವಾರ ನಿಲ್ಲಿಸಿದರೆ ಸಾಕು, ಕಾರ್ಬ್ಯುರೇಟರ್‌ನಲ್ಲಿ ಇಂಧನ ನಿಲ್ಲುವ ಫ್ಲೋಟ್ ಬೌಲ್‌ನಲ್ಲಿ ಬಿಳಿ ಲೋಳೆ ಕಟ್ಟಿ ಜೆಟ್ (ಇಂಧನ ಹಾಯುವ ಸಣ್ಣ ತೂತು) ಮುಚ್ಚಿಹೋಗುತ್ತದೆ. ತಳ್ಳಿ ಸ್ಟಾರ್ಟ್ ಮಾಡಲು ಹೋದರೆ ಹಿಂದಿನ ಚಕ್ರ ಜಾರುತ್ತದೆ, ಇಂಜಿನ್ ತಿರುಗುವುದಿಲ್ಲ. ಹೇಗೋ ಹತ್ತಿದರೆ ವಿಪರೀತ ಹೊಗೆ. ಪೆಟ್ರೋಲ್‌ಗೆ ಬದಲಾಯಿಸಿಬಿಡುವುದು ಒಳ್ಳೆಯದೇ?

ಮ್ಯಾಗ್ನೆಟೊ
ಇವು ಎರಡು ಬೇರೆ ಬೇರೆ ತೊಂದರೆ ಸರ್. ಪೆಟ್ರೋಲ್ ಹಾಕಿದರೆ ಎರಡನೆಯದು ಹೋಗುವುದಿಲ್ಲ.

ಮೊದಲು ಲೋಳೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಆಮೇಲೆ ಕಾರ್ಬ್ಯುರೇಟರ್‌ನ ಸತುವಿನ ಮಿಶ್ರಲೋಹವನ್ನೂ ಅಲ್ಯುಮಿನಿಯಂ ಟ್ಯಾಂಕನ್ನೂ ತಿನ್ನುತ್ತದೆ. ಆ ಬಿಳಿ ವಸ್ತು ಈ ಲೋಹಗಳದ್ದೇ ಕಿಲುಬು. ಓಟ ಮುಗಿದ ದಿನವೇ ಟ್ಯಾಂಕ್, ಪೈಪ್, ಬೌಲ್ ಎಲ್ಲ ಖಾಲಿ ಮಾಡಿ. ಸ್ವಲ್ಪ ಪೆಟ್ರೋಲ್ ಸುರಿದು ತೊಳೆದು ಅದನ್ನೂ ಬಸಿದುಬಿಡಿ. ಜೆಟ್ ಬಿಚ್ಚಿ ಗಾಳಿ ಊದಿ, ಒಳಗೆ ತೆಳುವಾಗಿ ಎಣ್ಣೆ ಸಿಂಪಡಿಸಿ ಇಡಿ. ಉಳಿದ ಮೆಥನಾಲನ್ನು ಅರೆತುಂಬಿದ ಡಬ್ಬದಲ್ಲಿ ಇಡಬೇಡಿ.

ಇನ್ನು ಎಣ್ಣೆ. ಮ್ಯಾಂಕ್ಸ್‌ದು ಡ್ರೈ ಸಂಪ್, ಅಂದರೆ ಎಣ್ಣೆ ಇಂಜಿನ್ ತಳದಲ್ಲಲ್ಲ, ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಕಾರು ನಿಂತಿರುವಾಗ ಮೇಲಿನ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಯಿಂದ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ (ಇಂಜಿನ್ನಿನ ಕೆಳಗಿನ ಪೆಟ್ಟಿಗೆಗೆ) ಇಳಿಯುತ್ತದೆ. ಫ್ಲೈವೀಲ್ ಆ ಎಣ್ಣೆಯಲ್ಲಿ ಮುಳುಗಿದ ಮೇಲೆ ಯಾರು ತಳ್ಳಿದರೂ ತಿರುಗದು, ಹತ್ತಿದರೂ ಆ ಎಣ್ಣೆಯೇ ಹೊಗೆಯಾಗುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಪ್ರತಿ ಸಲವೂ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಬಸಿಯಿರಿ, ಬಂದಷ್ಟು ಎಣ್ಣೆ ಟ್ಯಾಂಕಿಗೆ ಹಾಕಿ.

ಸರಪಳಿ
ಎಣ್ಣೆ ಪೈಪಿಗೆ ಒಂದು ನಲ್ಲಿ ಕೂರಿಸಿದರೆ ಈ ಕೆಲಸವೇ ಇರುವುದಿಲ್ಲವಲ್ಲ?

ಮ್ಯಾಗ್ನೆಟೊ
ನಲ್ಲಿ ತೆರೆಯಲು ಮರೆತರೆ ಎಣ್ಣೆ ಸಿಗದೆ ಬಿಗ್‌ಎಂಡ್ (ಕನೆಕ್ಟಿಂಗ್ ರಾಡ್‌ನ ಕೆಳತುದಿಯ) ಬೇರಿಂಗ್ ಸುಟ್ಟುಹೋಗುತ್ತದೆ. ಹಾಕಲೇಬೇಕೆಂದಿದ್ದರೆ, ನಲ್ಲಿ ಮುಚ್ಚಿದ್ದಾಗ ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಕೊಡುವ ಸಾಧನ) ಅರ್ತಿಂಗ್ ಆಗುವಂತೆ ಸ್ವಿಚ್ ಜೋಡಿಸಿ. ಆಗ ಎಣ್ಣೆ ತೆರೆಯದೆ ಕಿಡಿಯೇ ಬರುವುದಿಲ್ಲ. ಸ್ವಿಚ್ ಇಲ್ಲದ ನಲ್ಲಿ ಮಾತ್ರ ಬೇಡವೇ ಬೇಡ.

ಹರಳೆಣ್ಣೆ
ಪೆಟ್ರೋಲ್ ಬಗ್ಗೆ ನನ್ನ ಉತ್ತರ: ದಯವಿಟ್ಟು ಬೇಡ. 1946ರಲ್ಲಿ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಮತ್ತು ಜಾನ್ ಕೂಪರ್ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆಸೆದು ಮೊದಲ ಕಾರು ಕಟ್ಟಿದರು. ಚೈನ್‌ನಿಂದ ಹಿಂದಿನ ಚಕ್ರ ತಿರುಗಿಸುವುದು ಸುಲಭವಾಗಲಿ ಎಂದು ಬೈಕ್ ಇಂಜಿನನ್ನು ಚಾಲಕನ ಬೆನ್ನಹಿಂದೆ ಇಟ್ಟರು. ಬೈಕಿನಲ್ಲಿ ಆ ಇಂಜಿನಿಗೆ ಎದುರುಗಾಳಿ ನೇರವಾಗಿ ಬಡಿಯುತ್ತದೆ, ಇಲ್ಲಿ ಬರುವುದು ಅಳಿದುಳಿದ ಗಾಳಿ. ತಂಪಿಡುವುದೇ ಮೆಥನಾಲ್. ಆವಿಯಾಗಲು ಅದು ಪೆಟ್ರೋಲಿನ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ, ಮೇಲಾಗಿ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತೇವೆ. ಪೆಟ್ರೋಲ್‌ಗೆ ಹೋದರೆ ಕಂಪ್ರೆಷನ್ ಇಳಿಸಬೇಕು, ಪಿಸ್ಟನ್ ಬದಲಿಸಬೇಕು, ಅಷ್ಟಾದರೂ ಬಿಸಿಯ ಚಿಂತೆ ತಪ್ಪದು.

ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕು, ಮೆಥನಾಲಿಗೆ 6.4 ಸಾಕು. ಹಾಗಾಗಿ ಮೇನ್ ಜೆಟ್ ಒಂದನ್ನೇ ದೊಡ್ಡದು ಮಾಡಿದರೆ ಸಾಲದು. ಫ್ಲೋಟ್ ಸೂಜಿಯ ಸೀಟ್, ಇಂಧನದ ನಲ್ಲಿ, ಪೈಪ್ ಎಲ್ಲವೂ ಅಗಲವಾಗಿರಬೇಕು. ಇಂಜಿನ್ 45 ಎಚ್‌ಪಿ ಕೊಡುವಾಗ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಅಳತೆಯ ಜಾಡಿಗೆ ಹರಿಸಿ ನೋಡಿ, ನಿಮಿಷಕ್ಕೆ ಒಂದು ಲೀಟರ್ ಬಂದರೆ ನಿಶ್ಚಿಂತೆ. ಇಂಧನ ಕಡಿಮೆಯಾದರೆ ಮೆಥನಾಲ್ ಇಂಜಿನ್ ಟಕಟಕ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಸೀದಾ ಪಿಸ್ಟನ್ ಕರಗುತ್ತದೆ. ದೊಡ್ಡ ಜೆಟ್‌ನಿಂದ ಶುರುಮಾಡಿ ಕೆಳಗಿಳಿಯಿರಿ.

ಆರ್ 40 ಹರಳೆಣ್ಣೆ ಮೂಲದ್ದು. ಅದಕ್ಕೆ ಮಾಮೂಲಿ ಮಿನರಲ್ ಎಣ್ಣೆ ಬೆರೆಸಬೇಡಿ, ಕೂಡಿಕೊಳ್ಳುವುದಿಲ್ಲ. ಇಂಜಿನ್ ಬಿಸಿಯಿದ್ದಾಗಲೇ ಬಸಿಯಿರಿ, ಹಳೆಯದಾದರೆ ಅಂಟಾಗುತ್ತದೆ.

ಮುಖ್ಯ ವಿಷಯ: ಹಗಲಲ್ಲಿ ಮೆಥನಾಲ್ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಬಕೆಟ್‌ಗಟ್ಟಲೆ ನೀರು ಇರಲಿ, ಮೆಥನಾಲ್ ನೀರಲ್ಲಿ ಬೆರೆಯುವುದರಿಂದ ಆರುತ್ತದೆ. ಚರ್ಮದ ಮೂಲಕವೂ ಒಳಸೇರುವ ವಿಷ ಅದು, ಕೈಗವಸು ಬಿಡಬೇಡಿ.

ಸರಪಳಿ
ನಾರ್ಟನ್ ಕಂಪನಿ ಇಂಜಿನ್ ಮಾತ್ರ ಮಾರುತ್ತಿರಲಿಲ್ಲ, ಕೂಪರ್ ಓಡಿಸುವವರು ಇಡೀ ಬೈಕ್ ಕೊಳ್ಳುತ್ತಿದ್ದರು. ಉಳಿದ ಫ್ರೇಮ್‌ಗಳಿಗೆ ಟ್ರಯಂಫ್ ಇಂಜಿನ್ ಕೂರಿಸಿ ಟ್ರೈಟನ್ ಎಂಬ ಮಿಶ್ರ ಬೈಕ್ ಕಟ್ಟಿದವರುಂಟು. ಹೀಗೆ ಇಂಜಿನ್ ಒಂದೆಡೆ, ಫ್ರೇಮ್ ಇನ್ನೊಂದೆಡೆ ಹೋದದ್ದರಿಂದ ನಿಮ್ಮ ಇಂಜಿನ್ ನಂಬರನ್ನೂ ಒಮ್ಮೆ ಬರೆದಿಟ್ಟುಕೊಳ್ಳಿ.

ಎರಕದ ಚಕ್ರಗಳಿಗೆ ಬಣ್ಣ ತೆಗೆದು ಡೈ ಪೆನೆಟ್ರೆಂಟ್ ಪರೀಕ್ಷೆ (ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕುವುದು) ಮಾಡಿಸಿ, ಹಳೆಯ ಮೆಗ್ನೀಸಿಯಂನಲ್ಲಿ ಬಿರುಕು ಬರಿಗಣ್ಣಿಗೆ ಸಿಗದು. ಚೈನ್ ಬಿಗಿ ನೋಡುವಾಗ ಹಿಂದಿನ ಸ್ಪ್ರಾಕೆಟ್ಟನ್ನು ಸ್ವಲ್ಪ ಸ್ವಲ್ಪವೇ ಪೂರ್ತಿ ಒಂದು ಸುತ್ತು ತಿರುಗಿಸಿ, ಅತಿ ಬಿಗಿಯಾದ ಜಾಗದಲ್ಲಿ ಸಡಿಲ ಹೊಂದಿಸಿ. ಪ್ರೈಮರಿ ಚೈನ್ (ಇಂಜಿನ್‌ನಿಂದ ಗೇರ್‌ಬಾಕ್ಸಿಗೆ ಹೋಗುವುದು) ಬಿಗಿಮಾಡಲು ಗೇರ್‌ಬಾಕ್ಸ್ ಸರಿಸಿದಿರಾದರೆ ಹಿಂದಿನ ಚೈನ್ ಸಡಿಲವಾಗಿರುತ್ತದೆ, ಪ್ರೈಮರಿ ಮುಗಿಸಿಯೇ ಅದಕ್ಕೆ ಕೈಹಾಕಿ.