ವಾಷಿಂಗ್ಟನ್ ಮನೆತನದ ಮೂಲ ಊರು: ಡರ್ಹ್ಯಾಮೋ, ಸಲ್ಗ್ರೇವೋ?

ಮಲೆನಾಡಿಗ (ಪ್ರಶ್ನೆ):

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಪೂರ್ವಿಕರ ಮನೆಯೆಂದು ಇಂಗ್ಲೆಂಡಿನಲ್ಲಿ ಎರಡು ಕಟ್ಟಡಗಳನ್ನು ತೋರಿಸುತ್ತಾರೆ. ಒಂದು ಉತ್ತರದ ಡರ್ಹ್ಯಾಮ್ ಸೀಮೆಯ ವಾಷಿಂಗ್ಟನ್ ಊರಿನಲ್ಲಿರುವ ಓಲ್ಡ್ ಹಾಲ್. ಇನ್ನೊಂದು ಅಲ್ಲಿಂದ ಸುಮಾರು 300 ಕಿಲೋಮೀಟರ್ ದಕ್ಷಿಣಕ್ಕೆ, ನಾರ್ಥಾಂಪ್ಟನ್‌ಷೈರ್‌ನಲ್ಲಿರುವ ಸಲ್ಗ್ರೇವ್ ಮ್ಯಾನರ್. ಆದರೆ ಅವರ ಮುತ್ತಜ್ಜ ಅಮೆರಿಕಕ್ಕೆ ಹೋದದ್ದು ಎಸೆಕ್ಸ್‌ನಲ್ಲಿ ನೆಲೆಸಿದ್ದ ಕುಟುಂಬದಿಂದ ಎಂದು ಬೇರೊಂದು ಕಡೆ ಓದಿದೆ. ಈ ಮೂರು ಊರುಗಳಿಗೂ ಇರುವ ಸಂಬಂಧವನ್ನು ದಾಖಲೆಗಳ ಆಧಾರದ ಮೇಲೆ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಕಡತಪ್ರಿಯ:

ಮೂರೂ ಸರಿ, ಕಾಲ ಮಾತ್ರ ಬೇರೆ. ನಮ್ಮಲ್ಲಿ ಅನೇಕರು ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುವಂತೆ ಇಲ್ಲಿಯೂ ಊರೇ ಮೊದಲು. ಡರ್ಹ್ಯಾಮಿನ ಬಿಷಪ್ 1183ರಲ್ಲಿ ತನ್ನ ಜಮೀನುಗಳ ಲೆಕ್ಕ ಬರೆಸಿದ 'ಬೋಲ್ಡನ್ ಬುಕ್' ಎಂಬ ದಫ್ತರದಲ್ಲಿ, ಹಾರ್ಟ್‌ಬರ್ನ್‌ನ ವಿಲಿಯಂ ಎಂಬಾತ ತನ್ನ ಹಾರ್ಟ್‌ಬರ್ನ್ ಗ್ರಾಮವನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ವಾಷಿಂಗ್ಟನ್ ಗ್ರಾಮವನ್ನು ಪಡೆದಿದ್ದಾನೆಂದು ನಮೂದಾಗಿದೆ. ಅದಕ್ಕಾಗಿ ಆತ 4 ಪೌಂಡ್ ಕಂದಾಯ ಕೊಡಬೇಕಿತ್ತು, ಜೊತೆಗೆ ಬಿಷಪ್ಪನ ದೊಡ್ಡ ಬೇಟೆಗೆ 4 ಬೇಟೆನಾಯಿಗಳೊಂದಿಗೆ ಹಾಜರಾಗಬೇಕಿತ್ತು. ಊರು ಬದಲಾದಾಗ ಹೆಸರೂ ಬದಲಾಗಿ ಅವನ ವಂಶದವರು 'ವೆಸ್ಸಿಂಗ್ಟನ್'ನವರು ಎನಿಸಿಕೊಂಡರು. ಬಿಷಪ್ ಆ ವಿನಿಮಯಕ್ಕೆ ಒಪ್ಪದಿದ್ದರೆ ಅಮೆರಿಕದ ರಾಜಧಾನಿಗೆ ಹಾರ್ಟ್‌ಬರ್ನ್ ಎಂಬ ಹೆಸರು ಬರುತ್ತಿತ್ತೋ ಏನೋ!

ಅಲ್ಲಿದ್ದ ಹಿರಿಯ ಶಾಖೆಗೆ ಗಂಡುಸಂತಾನವಿಲ್ಲದೆ, 14ನೆಯ ಶತಮಾನದ ಕೊನೆಯ ಹೊತ್ತಿಗೆ ಆಸ್ತಿ ಮಗಳ ಮೂಲಕ ಬೇರೆ ಮನೆತನಕ್ಕೆ ಸೇರಿತು. ಅದಕ್ಕಿಂತ ಮೊದಲೇ ಕವಲೊಡೆದಿದ್ದ ಒಂದು ಕಿರಿಯ ಶಾಖೆ ಪಶ್ಚಿಮದ ಲ್ಯಾಂಕಾಷೈರ್‌ನ ವಾರ್ಟನ್‌ನಲ್ಲಿ ನೆಲೆಯೂರಿತ್ತು. ಆ ಶಾಖೆಯ ಲಾರೆನ್ಸ್ ವಾಷಿಂಗ್ಟನ್ ಎಂಬಾತ ದಕ್ಷಿಣಕ್ಕೆ ಬಂದು, ಉಣ್ಣೆಯ ವ್ಯಾಪಾರದಲ್ಲಿ ಹಣವಂತನಾಗಿ, 1532ರಲ್ಲಿಯೂ 1545ರಲ್ಲಿಯೂ ನಾರ್ಥಾಂಪ್ಟನ್ ನಗರದ ಮೇಯರ್ ಆದನು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ಮಾರಾಟಕ್ಕಿಟ್ಟಾಗ, ಸೇಂಟ್ ಆಂಡ್ರ್ಯೂ ಮಠಕ್ಕೆ ಸೇರಿದ್ದ ಸಲ್ಗ್ರೇವ್ ಆಸ್ತಿಯನ್ನು 1539ರಲ್ಲಿ ಕೊಂಡವನೂ ಈತನೇ. ಆದ್ದರಿಂದ ಸಲ್ಗ್ರೇವ್ ಈ ಮನೆತನದ ಮೂಲವಲ್ಲ, ಅದರ ಏಳಿಗೆಯ ಕಾಲದ ಮನೆ. ಆ ಏಳಿಗೆಯೂ ಹೆಚ್ಚು ಕಾಲ ಉಳಿಯಲಿಲ್ಲ. 17ನೆಯ ಶತಮಾನದ ಆರಂಭದಲ್ಲಿಯೇ ಆಸ್ತಿ ಕೈಬಿಟ್ಟಿತು.

ಆ ಲಾರೆನ್ಸನ ಮರಿಮಗನ ಹೆಸರೂ ಲಾರೆನ್ಸ್ ಎಂದೇ (ಒಂದೇ ಹೆಸರು ಮತ್ತೆ ಮತ್ತೆ ಬರುವುದು ಈ ವಂಶವನ್ನು ಅಭ್ಯಾಸ ಮಾಡುವವರಿಗೆ ದೊಡ್ಡ ತಲೆನೋವು). ಈತ ಆಕ್ಸ್‌ಫರ್ಡ್‌ನ ಬ್ರೇಸನೋಸ್ ಕಾಲೇಜಿನ ಫೆಲೋ ಆಗಿದ್ದು, 1633ರಲ್ಲಿ ಎಸೆಕ್ಸ್‌ನ ಪರ್ಲೀ ಎಂಬಲ್ಲಿ ಚರ್ಚಿನ ಪಾದ್ರಿಯಾದನು. ಅಂತರ್ಯುದ್ಧದ ವೇಳೆ ಪಾರ್ಲಿಮೆಂಟಿನ ಪಕ್ಷದವರು ಕುಡಿತದ ಆರೋಪ ಹೊರಿಸಿ 1643ರಲ್ಲಿ ಆತನನ್ನು ಹೊರಹಾಕಿದರು. ಆತ ರಾಜನ ಪಕ್ಷಪಾತಿಯಾಗಿದ್ದುದೇ ನಿಜವಾದ ಕಾರಣವೆಂದು ನನ್ನ ಅಭಿಪ್ರಾಯ. ತಂದೆಯ ಜೀವನೋಪಾಯ ಹೋದ ಮೇಲೆ ಮಗ ಜಾನ್‌ಗೆ ಇಂಗ್ಲೆಂಡಿನಲ್ಲಿ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ವರ್ಜೀನಿಯಾದ ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೊರಟ ಹಡಗಿನಲ್ಲಿ ಕೆಲಸಕ್ಕೆ ಸೇರಿದ ಆತ, 1657ರ ಆರಂಭದಲ್ಲಿ ಆ ಹಡಗು ಪೊಟೊಮ್ಯಾಕ್ ನದಿಯ ಮರಳುದಿಣ್ಣೆಗೆ ಸಿಲುಕಿದ ಬಳಿಕ ಅಲ್ಲಿಯೇ ಉಳಿದು, ಆನ್ ಪೋಪ್ ಎಂಬುವಳನ್ನು ಮದುವೆಯಾಗಿ, ಮಾವನಿಂದ 700 ಎಕರೆ ಭೂಮಿಯನ್ನು ಪಡೆದನು. ಈ ಜಾನನೇ ಜಾರ್ಜ್ ವಾಷಿಂಗ್ಟನ್ ಅವರ ಮುತ್ತಜ್ಜ.

ಓದುಗ_72:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಈ ವಂಶಾವಳಿ ಸುಲಭವಾಗಿ ಸಿದ್ಧವಾದದ್ದಲ್ಲ. ಇಂಗ್ಲೆಂಡಿನ ವಂಶಲಾಂಛನ ಕಚೇರಿಯ ಮುಖ್ಯಸ್ಥ ಸರ್ ಐಸಾಕ್ ಹರ್ಡ್ ವಿಚಾರಿಸಿದಾಗ, ತಾನು ಈ ವಿಷಯಕ್ಕೆ ಬಹಳ ಕಡಿಮೆ ಗಮನ ಕೊಟ್ಟಿರುವುದಾಗಿ ಜಾರ್ಜ್ ವಾಷಿಂಗ್ಟನ್ 1792ರಲ್ಲಿ ಉತ್ತರಿಸಿದರು. ಅಮೆರಿಕಕ್ಕೆ ಹೋದವರೆಂದು ಹರ್ಡ್ ಊಹಿಸಿದ್ದ ಜಾನ್ ಮತ್ತು ಲಾರೆನ್ಸ್ ಸಹೋದರರು ಬೇರೆಯೇ ವ್ಯಕ್ತಿಗಳೆಂದು ಜೋಸೆಫ್ ಚೆಸ್ಟರ್ 1866ರಲ್ಲಿ ತೋರಿಸಿಕೊಟ್ಟರು. ಆ ಜಾನ್ ಇಂಗ್ಲೆಂಡಿನಲ್ಲಿಯೇ ನೈಟ್ ಪದವಿ ಪಡೆದವನಾಗಿದ್ದನು. ಕೊನೆಗೆ ಹಳೆಯ ಉಯಿಲುಗಳನ್ನು ಜಾಲಾಡಿದ ಹೆನ್ರಿ ವಾಟರ್ಸ್ 1889ರಲ್ಲಿ ಪರ್ಲೀಯ ಪಾದ್ರಿಯ ಕೊಂಡಿಯನ್ನು ಪ್ರಕಟಿಸಿದರು. ಸಸೆಕ್ಸ್‌ನಲ್ಲಿಯೂ ವಾಷಿಂಗ್ಟನ್ ಎಂಬ ಹಳ್ಳಿಯಿರುವುದರಿಂದ, ಈ ಹೆಸರಿನ ಇಂಗ್ಲಿಷರೆಲ್ಲರೂ ಡರ್ಹ್ಯಾಮಿನ ವಂಶದವರೇ ಎಂದು ಭಾವಿಸುವುದೂ ಸರಿಯಲ್ಲ.

ಮಲೆನಾಡಿಗ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇಂದು ಅಮೆರಿಕದಲ್ಲಿರುವ ವಾಷಿಂಗ್ಟನ್‌ಗಳು ಈ ಜಾನನ ಸಂತತಿಯವರೇ?

ಸಾಗರದಾಚೆ:

ಬಹುಪಾಲು ಅಲ್ಲ. 2000ದ ಜನಗಣತಿಯಂತೆ ಅಮೆರಿಕದಲ್ಲಿ ಈ ಕುಲನಾಮದವರು 1,63,000ಕ್ಕೂ ಹೆಚ್ಚು ಮಂದಿಯಿದ್ದು, ಅವರಲ್ಲಿ ಶೇಕಡ 90ರಷ್ಟು ಮಂದಿ ಕಪ್ಪುಜನರು. ಜಾರ್ಜ್ ಅವರಿಗೆ ಮಕ್ಕಳಿರಲಿಲ್ಲ; ಅವರು 1799ರಲ್ಲಿ ತೀರಿಕೊಂಡಾಗ ಮೌಂಟ್ ವರ್ನನ್ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಹಾಗೆಂದು ಇಂದಿನವರೆಲ್ಲರೂ ಆ ಗುಲಾಮರ ವಂಶಜರೆಂದು ತೀರ್ಮಾನಿಸಬಾರದು. ಬಿಡುಗಡೆಯಾದವರಲ್ಲಿ ಅನೇಕರು ತಮ್ಮ ಕುಲನಾಮವನ್ನು ತಾವೇ ಆರಿಸಿಕೊಂಡರು. ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಬಾಲಕನಾಗಿದ್ದಾಗ, ಶಾಲೆಯಲ್ಲಿ ಹಾಜರಿ ಕರೆಯುವಾಗ ಎಲ್ಲರಿಗೂ ಎರಡು ಹೆಸರಿರುವುದನ್ನು ಕಂಡು, ತನ್ನ ಸರದಿ ಬಂದಾಗ ವಾಷಿಂಗ್ಟನ್ ಎಂದು ಸೇರಿಸಿ ಹೇಳಿದ್ದನ್ನು ಸ್ವತಃ ಬರೆದಿದ್ದಾರೆ. ವಾಷಿಂಗ್ಟನ್ ಎಂಬುದು ಅವರ ಮಲತಂದೆಯ ಮೊದಲ ಹೆಸರೂ ಆಗಿತ್ತು.

ಈ ಹೆಸರು ಆಫ್ರಿಕಕ್ಕೂ ಹೋಗಿದೆ. ಮೌಂಟ್ ವರ್ನನ್‌ನಲ್ಲಿ ಗುಲಾಮನಾಗಿದ್ದ ಹ್ಯಾರಿ ಎಂಬಾತ 1776ರಲ್ಲಿ ಬ್ರಿಟಿಷರ ಕಡೆಗೆ ಓಡಿಹೋದನು. 1783ರಲ್ಲಿ ನ್ಯೂಯಾರ್ಕಿನಿಂದ ಹೊರಟ ಕಪ್ಪುಜನರ ಪಟ್ಟಿಯಲ್ಲಿ ಆತ ಹ್ಯಾರಿ ವಾಷಿಂಗ್ಟನ್ ಎಂದೇ ದಾಖಲಾಗಿದ್ದಾನೆ. ಮೊದಲು ನೋವಾ ಸ್ಕೋಷಿಯಾಕ್ಕೆ ಹೋದ ಆತ 1792ರಲ್ಲಿ ಸಿಯೆರಾ ಲಿಯೋನ್ ತಲುಪಿದನು. 1800ರಲ್ಲಿ ಅಲ್ಲಿನ ವಸಾಹತು ಕಂಪನಿ ಹೇರಿದ ಭೂಕಂದಾಯದ ವಿರುದ್ಧ ನಡೆದ ದಂಗೆಯಲ್ಲಿ ಸೇರಿಕೊಂಡು ಗಡೀಪಾರಿಗೂ ಗುರಿಯಾದನು. ತೆರಿಗೆಯ ವಿಷಯದಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದವರ ನಾಯಕನಾಗಿದ್ದ ಆತನ ಹಳೆಯ ಯಜಮಾನ, ಆ ಹೊತ್ತಿಗೆ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ.