ಸಹಾಯ ಬೇಕು: 10 ಕಿ.ಮೀ. ಓಟ 63 ನಿಮಿಷಕ್ಕೇ ನಿಂತುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ಮೈಸೂರಿನವಳು, ವಯಸ್ಸು 41. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತೀನಿ. ಮೊದಮೊದಲು ಸಮಯ ತಾನಾಗೇ ಇಳೀತಾ ಬಂತು. ದಸರಾ ಆದಮೇಲೆ 63 ನಿಮಿಷಕ್ಕಿಂತ ಕೆಳಗೆ ಬರ್ತಾನೇ ಇಲ್ಲ. ಏಳನೇ ಕಿಲೋಮೀಟರ್ ತನಕ ಉಸಿರು ಹದವಾಗಿರುತ್ತೆ, ಆಮೇಲೆ ತೊಡೆ ಕಲ್ಲಾಗುತ್ತೆ, ಹೆಜ್ಜೆ ಚಿಕ್ಕದಾಗುತ್ತೆ.

ವಾರಕ್ಕೆ ನಾಲ್ಕು ದಿನ ಓಟ, ಎಲ್ಲಾ ಒಂದೇ ವೇಗ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ದೇಹ ಒಂದೇ ಶ್ರಮಕ್ಕೆ ಒಗ್ಗಿಹೋದರೆ ಮುಂದೆ ಸುಧಾರಿಸಲ್ಲ. ಹೆಚ್ಚಿನ ಓಟ ಮಾತಾಡ್ತಾ ಓಡುವಷ್ಟು ನಿಧಾನ ಇರಬೇಕು, ಒಂದು ದಿನ ಮಾತ್ರ 400 ಮೀಟರ್ ಜೋರಾಗಿ ಓಡಿ, ಸುಧಾರಿಸ್ಕೊಂಡು, ಮತ್ತೆ ಓಡೋ ಇಂಟರ್‌ವಲ್ ಮಾಡಬೇಕು ಅಂತ ಓದಿದೀನಿ. ನನಗೂ ಅದೇ ಸರಿ ಅನ್ನಿಸುತ್ತೆ.

ಆದರೆ ಅದನ್ನ ಯಾವ ದಿನ ಇಟ್ಕೊಳ್ಳಲಿ? ಬೆಟ್ಟ ಇಳಿದ ಮಾರನೇ ದಿನ ಮಂಡಿ ಬಿಗಿದಿರುತ್ತೆ. ಬೆಟ್ಟವನ್ನೇ ಬಿಡೋಕೆ ಮನಸ್ಸಿಲ್ಲ, ನಂದಿ ತನಕ ಅಮ್ಮನೂ ಜೊತೆಗೆ ಹತ್ತುತ್ತಾರೆ. ತೊಡೆಗೆ ಬಸ್ಕಿ ಶುರು ಮಾಡಲಾ? ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದೀನಿ, ಸರಿಯಾಗಿದೆ.

ಇದೇ ಹಂತ ದಾಟಿ 60 ನಿಮಿಷದೊಳಗೆ ಬಂದವರು, ದಯವಿಟ್ಟು ನಿಮ್ಮ ವಾರ ಹೇಗಿತ್ತು ಅಂತ ದಿನದಿನದ ಲೆಕ್ಕ ಸಮೇತ ಬರೀರಿ. ನಲವತ್ತು ದಾಟಿದ ಹೆಣ್ಣುಮಕ್ಕಳ ಅನುಭವ ಇದ್ದರೆ ಇನ್ನೂ ಒಳ್ಳೇದು.