ಬೋರ್ಡಿಗೆ ಬೇಕು: ‘ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್’ಗೆ ಕನ್ನಡದಲ್ಲಿ ಏನಂತೀರಿ?

ನಮಸ್ಕಾರ. ಮುಂದಿನ ವಾರ ಹುಬ್ಬಳ್ಳಿ ಬಿಟ್ಟು ಬೆಂಗಳೂರಿಗೆ ಬರುತ್ತಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್ ಕೆಲಸ. ಕಿವುಡರು ಡಾಕ್ಟರ್ ಹತ್ತಿರ ಬಂದಾಗ ಪಕ್ಕದಲ್ಲಿದ್ದು ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸಬೇಕು. ಮನೆ ಇನ್ನೂ ಸಿಕ್ಕಿಲ್ಲ, ಅಡ್ವಾನ್ಸ್ ಕೇಳಿದರೆ ತಲೆ ತಿರುಗುತ್ತದೆ, ಅದು ಬಿಡಿ. ಈಗ ಅರ್ಜೆಂಟ್ ಇರುವುದು ನನ್ನ ಕೌಂಟರಿನ ಬೋರ್ಡು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ ಮೇಲೆ ಕನ್ನಡದ ಸಾಲೇ ಮೇಲೆ, ದೊಡ್ಡದಾಗಿ ಬರುತ್ತದೆ. ಅವರು ಕಳಿಸಿದ ಕರಡಿನಲ್ಲಿ ‘ಸಂಕೇತ ಭಾಷಾ ವ್ಯಾಖ್ಯಾನಕಾರರು’ ಎಂದಿದೆ. ನಾನೇನು ಗಮಕಕ್ಕೆ ಅರ್ಥ ಹೇಳೋಕೆ ಕೂತಿದ್ದೀನಾ? ಸಂಕೇತ ಅಂದರೆ ಗುಟ್ಟಿನ ಭಾಷೆ ಅನ್ನಿಸುತ್ತದೆ, ಅದೂ ಬೇಡ. ಸೋಮವಾರ ಪ್ರಿಂಟಿಗೆ ಹೋಗುತ್ತದೆ. ಸಂಜ್ಞಾ ಭಾಷೆಯೋ, ಸನ್ನೆ ಭಾಷೆಯೋ, ಕೈಸನ್ನೆಯೋ? ಇಂಟರ್‌ಪ್ರಿಟರ್‌ಗೆ ಏನು?

---

ಸಂಜ್ಞಾ ಭಾಷೆ. ‘ಸನ್ನೆ ಭಾಷೆ’ ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ, ಸಾಧುವಲ್ಲ.

---

ಮೇಲಿನವರಿಗೆ: ಹಾಗಾದರೆ ಮಳೆಗಾಲ, ಚಳಿಗಾಲ ಎರಡನ್ನೂ ಪಂಚಾಂಗದಿಂದ ತೆಗೆಸಿಬಿಡಿ. ಸನ್ನೆ ಬಂದಿರುವುದೇ ಸಂಜ್ಞೆಯಿಂದ. ಯಜ್ಞ ಜನ್ನ ಆಯಿತು, ಆಜ್ಞೆ ಆಣೆ ಆಯಿತು, ಸಂಜ್ಞೆ ಸನ್ನೆ ಆಯಿತು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಇಂಥವಕ್ಕೆಂದೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಬರೆದಿದ್ದಾನೆ. ಒಂದೇ ಮಾತಿನ ಎರಡು ರೂಪ ಇಟ್ಟುಕೊಂಡು ಒಂದು ಶುದ್ಧ, ಇನ್ನೊಂದು ಮೈಲಿಗೆ ಅಂದರೆ ಹೇಗೆ? ಕಣ್ಸನ್ನೆ ಯಾರಿಗೆ ಗೊತ್ತಿಲ್ಲ. ಸಂಜ್ಞೆ ಅಂದರೆ ಜನಕ್ಕೆ ನೆನಪಾಗುವುದು ಗಣಿತದ ಪ್ಲಸ್ಸು ಮೈನಸ್ಸು.

---

‘ಭಾಷೆ’ಯೇ ಯಾಕೆ ಬೇಕು? ನುಡಿ ಇಲ್ವಾ? ‘ಕೈನುಡಿ’ ಎನ್ನಿ. ಇಂಟರ್‌ಪ್ರಿಟರ್‌ಗೆ ‘ನುಡಿದಾಟಿಸುಗ’. ಸಂಸ್ಕೃತದ ಎರವಲು ಸಾಕು.

---

ನುಡಿದಾಟಿಸುಗ! ಹೊಟ್ಟೆನೋವು ಅಂತ ಬಂದವರು ಇದನ್ನು ಓದಿ ಮುಗಿಸುವಷ್ಟರಲ್ಲಿ ಟೋಕನ್ ದಾಟಿ ಹೋಗಿರುತ್ತದೆ.

ದುಭಾಷಿ ಇದೆಯಲ್ಲ ಸ್ವಾಮಿ. ಇಬ್ಬರ ನಡುವೆ ಬಾಯಿಮಾತಿನಲ್ಲಿ ದಾಟಿಸುವವರಿಗೆ ನಾವು ಹೇಳುತ್ತಾ ಬಂದಿರುವುದೇ ಅದು. ಅನುವಾದಕ ಕಾಗದದ ಮೇಲೆ ಕೆಲಸ ಮಾಡುವವನು. ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯವರೂ ದುಬಾಷ್ ಅಂತಲೇ ಕರೆಯುತ್ತಿದ್ದರು. ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿಗೆ, 2024ರಲ್ಲಿ ನಮ್ಮ ಹೈಕೋರ್ಟಿಗೆ ಹಾಜರಾದಾಗ ಜೊತೆಗಿದ್ದವರನ್ನು ಇನ್ನೇನು ಅನ್ನುತ್ತೀರಿ?

---

ದ್ವಿಭಾಷಿ ಸರಿಯಾದ ರೂಪ. ದು ಎಂಬುದು ಉತ್ತರದವರ ಉಚ್ಚಾರ.

---

ದ್ವಿಭಾಷಿ ಅಂದರೆ ಎರಡು ಭಾಷೆ ಬಲ್ಲವರು, ಅಷ್ಟೇ. ಬೆಂಗಳೂರಿನ ಆಟೋದವರೆಲ್ಲ ನಾಲ್ಕು ಭಾಷೆಯವರು, ಅವರನ್ನೆಲ್ಲ ಕೌಂಟರಿನಲ್ಲಿ ಕೂರಿಸುತ್ತೀರಾ?

---

ಕೇಳಿದವಳು ನಾನು, ಮಧ್ಯೆ ಬರುತ್ತೇನೆ. ‘ಕೈ’ ಸೇರಿದ ಯಾವ ಪದವೂ ಬೇಡ, ಕೈನುಡಿ ಕೇಳೋಕೆ ಚೆನ್ನಾಗಿದ್ದರೂ. ಭಾರತೀಯ ಸನ್ನೆ ಭಾಷೆಯಲ್ಲಿ ಅರ್ಧ ವ್ಯಾಕರಣ ಮುಖದಲ್ಲಿದೆ. ‘ಜ್ವರ ಇದೆ’ ಎನ್ನುವುದಕ್ಕೂ ‘ಜ್ವರ ಇದೆಯಾ’ ಎನ್ನುವುದಕ್ಕೂ ಕೈ ಅದೇ. ಹುಬ್ಬು ಮೇಲೆ ಹೋಯಿತೋ ಇಲ್ಲವೋ ನೋಡಬೇಕು, ತಲೆ ಸ್ವಲ್ಪ ಮುಂದೆ ಬರುತ್ತದೆ. ಮಾಸ್ಕ್ ಹಾಕಿಕೊಂಡ ಡಾಕ್ಟರ ತುಟಿ ಕಾಣದೆ ಕಿವುಡರು ಪಡುವ ಪಾಡು ಬೇರೆ. ಇನ್ನೊಂದು, ಇದು ಕನ್ನಡವನ್ನು ಕೈಯಲ್ಲಿ ಬರೆದು ತೋರಿಸುವುದಲ್ಲ. ಅದಕ್ಕೆ ಅದರದೇ ವಾಕ್ಯರಚನೆ ಇದೆ: ‘ಏನು, ಎಲ್ಲಿ, ಯಾವಾಗ’ ಎಲ್ಲ ಕೊನೆಗೆ, ‘ಇಲ್ಲ’ವೂ ಕೊನೆಗೆ. ಸನ್ನೆಗಳೂ ಊರಿಂದೂರಿಗೆ ಅಷ್ಟಿಷ್ಟು ಬದಲಾಗುತ್ತವೆ. ಹುಬ್ಬಳ್ಳಿಯಲ್ಲಿ ಕಲಿತದ್ದನ್ನು ಇಲ್ಲಿನವರ ಜೊತೆ ಕೂತು ತಿದ್ದಿಕೊಳ್ಳಬೇಕು, ನನಗೆ ಆ ಭಯ ಜಾಸ್ತಿ. ಆದ್ದರಿಂದ ‘ಭಾಷೆ’ ಎಂಬ ಪದ ಬೋರ್ಡಿನಲ್ಲಿ ಇರಲೇಬೇಕು. ಬರೀ ‘ಸನ್ನೆ’ ಎಂದರೆ ಸುಮ್ನೆ ಕೈ ಆಡಿಸುವುದು ಅಂದುಕೊಳ್ಳುವವರೇ ಹೆಚ್ಚು.

---

ಆಗ ‘ಸನ್ನೆ ಭಾಷೆ ದುಭಾಷಿ’ ಆಗುತ್ತದೆ. ಭಾಷೆ, ಭಾಷಿ ಎರಡು ಸಲ, ಕಿವಿಗೆ ಒರಟು.

---

ಓದುವವರಲ್ಲಿ ಅರ್ಧ ಜನಕ್ಕೆ ಆ ತೊಂದರೆ ಇಲ್ಲ.

---

ಇಂಟರ್‌ಪ್ರಿಟರ್ ಅಂತಲೇ ಕನ್ನಡ ಅಕ್ಷರದಲ್ಲಿ ಬರೆದರೆ ಏನು ಕಡಿಮೆ? ಡಾಕ್ಟರ್, ನರ್ಸ್, ವಾರ್ಡ್ ಎಲ್ಲ ಒಳಗೆ ಕೂತಿವೆ. ಅವಕ್ಕಿಲ್ಲದ ಮಡಿ ಇದೊಂದಕ್ಕೇ ಯಾಕೆ?

---

ಅವು ಬಂದು ಕೂತಾಗಿದೆ. ಇದು ಇನ್ನೂ ಬಾಗಿಲಲ್ಲಿದೆ. ಹೊಸ ಕೆಲಸಕ್ಕೆಲ್ಲ ಇಂಗ್ಲಿಷ್ ಹೆಸರೇ ಆದರೆ ಶೇ 60ರ ಕಾನೂನು ಬರೀ ಲಿಪಿಯ ಕಾನೂನಾಗುತ್ತದೆ.

---

ಮಹಾಪ್ರಾಣ ಬಿಟ್ಟು ‘ದುಬಾಶಿ’ ಎಂದು ಬರೆಯಬಹುದು, ನಾವು ಉಲಿಯುವುದೇ ಹಾಗೆ.

---

ಎಲ್ಲರಿಗೂ ಥ್ಯಾಂಕ್ಸ್. ‘ಸನ್ನೆ ಭಾಷೆ ದುಭಾಷಿ’ ಅಂತ ಕಳಿಸಿದೆ, ಒಪ್ಪಿದರು. ಓದು ಬಾರದ ಕಿವುಡರೂ ಬರುತ್ತಾರಲ್ವಾ, ಕೆಳಗೆ ಎರಡು ಕೈಗಳ ಚಿತ್ರ ಹಾಕಿಸುತ್ತಿದ್ದೇನೆ. ಮಹಾಪ್ರಾಣ ಬಿಟ್ಟಿಲ್ಲ, ಬೈಯಬೇಡಿ. ಬನಶಂಕರಿ ಕಡೆ ಒಂದು ರೂಮು ಖಾಲಿ ಇದ್ದರೆ ಮಾತ್ರ ಇನ್ನು ಮುಂದೆ ಉತ್ತರ ಕೊಡಿ.

---

ಅರಿಸಮಾಸ ಅರಿಸಮಾಸವೇ.